ನಮ್ಮ ಮನೆಯ ಅಳತೆ ರವಕೆ

ಗುಲಾಬಿ ಹೂವಿನ ಕಸೂತಿ ಹಾಕಲು ನನಗೆ ಹನ್ನೆರಡನೆಯ ವಯಸ್ಸಿಗೇ ಬರುತ್ತಿತ್ತು. ಪುತ್ತೂರಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದಾಗ ಶನಿವಾರ ಮಧ್ಯಾಹ್ನ ಸಿಸ್ಟರು ನಮ್ಮನ್ನು ಸಾಲಾಗಿ ಕೂರಿಸಿ, ಕರವಸ್ತ್ರದ ಮೂಲೆಗೆ ಒಂದು ಗುಲಾಬಿ, ಎರಡು ಎಲೆ, ಒಂದು ಮೊಗ್ಗು ಹಾಕಿಸುತ್ತಿದ್ದರು. ಮೊಗ್ಗು ಹೂವಿನ ಎಡಕ್ಕೇ ಇರಬೇಕು. ಬಲಕ್ಕೆ ಹಾಕಿದವಳು ಬಿಚ್ಚಿ ಪುನಃ ಹಾಕಬೇಕು. ಹೀಗೆ ಐದು ವರ್ಷ ಗುಲಾಬಿ ಹಾಕಿದ ನನಗೆ, ಗುಲಾಬಿ ಹಾಕಿಸಿಕೊಳ್ಳುವ ರವಕೆ ಹೇಗೆ ರವಕೆಯಾಗುತ್ತದೆ ಎಂಬುದು ಗೊತ್ತಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಒಂದೂವರೆ ತಿಂಗಳಿರುವಾಗ ಕಡಬದಿಂದ ಅಪ್ಪ ಬಂದು ನನ್ನ ಟ್ರಂಕು ಎತ್ತಿಸಿದರು. ಮದುವೆ ನಿಶ್ಚಯವಾಗಿತ್ತು. ಸಿಸ್ಟರು, ಪರೀಕ್ಷೆಯಾದರೂ ಮುಗಿಯಲಿ ಎಂದರೆ ಅಪ್ಪ, "ಪರೀಕ್ಷೆ ವರ್ಷ ವರ್ಷ ಬರ್ತದೆ, ಇಂಥ ಸಂಬಂಧ ಬರುದಿಲ್ಲ" ಎಂದರು. ಅವರು ಹೇಳಿದ್ದು ನಿಜವೇ. ಪರೀಕ್ಷೆ ವರ್ಷ ವರ್ಷ ಬಂತು, ಬೇರೆಯವರು ಬರೆದರು. ನಾನು ಸುಳ್ಯದ ಪೇಟೆಯಿಂದ ಒಂದು ಮೈಲು ಈಚೆ, ಆಲೆಟ್ಟಿಯ ದಾರಿಯ ಮನೆಯಲ್ಲಿ ದೋಸೆ ಹುಯ್ಯುತ್ತ, ಅರ್ಧ ಬಿಟ್ಟುಬಂದ ರೇಖಾಗಣಿತದ ಪುಸ್ತಕವನ್ನು ಉಪ್ಪಿನಕಾಯಿ ಭರಣಿಯ ಬಾಯಿಗೆ ಮುಚ್ಚಳ ಮಾಡಿದ್ದೆ.

ನಯಾಪೈಸೆ ಬಂದ ಹೊಸತರಲ್ಲಿ ಸುಳ್ಯದಲ್ಲಿ ಹೆಂಗಸರಿಗೆ ಹೊಲಿಗೆ ತರಗತಿ ಶುರುವಾಗುತ್ತದೆ ಎಂದು ನನ್ನ ಗಂಡ ಸುದ್ದಿ ತಂದರು. ಒಂದು ವರ್ಷದ ಕೋರ್ಸು, ವಾರಕ್ಕೆ ನಾಲ್ಕು ಮಧ್ಯಾಹ್ನ, ಕೊನೆಗೆ ಪುತ್ತೂರಿನಲ್ಲಿ ಪರೀಕ್ಷೆ, ಪಾಸಾದರೆ ಸರ್ಟಿಫಿಕೇಟು. ಸರ್ಟಿಫಿಕೇಟು ಎಂಬ ಮಾತು ಕೇಳಿದ್ದೇ ನಾನು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟೆ. ಅತ್ತೆಯವರ ಅಪ್ಪಣೆ ಸಿಕ್ಕಲು ಹದಿನೈದು ದಿನ ಬೇಕಾಯಿತು. ಕೊನೆಗೆ ಅವರು ಎಲೆಯಡಿಕೆ ಹಾಕುತ್ತ ಹೇಳಿದರು:

"ಒಂದು ವರ್ಷ. ಪಾಸಾದರೆ ಆಯ್ತು, ಆಗದಿದ್ದರೆ ಇನ್ನೊಂದು ಸಲ ಅಂತ ಕೇಳಲಿಕ್ಕೆ ಬರಬೇಡ ಮಾರಾಯ್ತಿ."

ಬರುವುದಿಲ್ಲ ಎಂದೆ. ಹುಟ್ಟಿದಂದಿನಿಂದ ಶುರು ಮಾಡಿದ್ದರಲ್ಲಿ ಒಂದನ್ನಾದರೂ ಮುಗಿಸಬೇಕು ಎಂಬ ಹಟ ನನ್ನದು. ಬೇರೇನೂ ಇರಲಿಲ್ಲ.

ತರಗತಿ ನಡೆಯುತ್ತಿದ್ದದ್ದು ಪೇಟೆಯ ಒಂದು ಅಕ್ಕಿ ಗೋದಾಮಿನ ಮಾಳಿಗೆಯಲ್ಲಿ. ನಾವು ಒಂಬತ್ತು ಜನ, ಒಂದು ಕಾಲುಮಿಷನು. ಮಿಷನ್ನಿನ ಮುಚ್ಚಳಕ್ಕೆ ಬೀಗ, ಬೀಗದ ಕೈ ಟೀಚರ ಬ್ಯಾಗಿನಲ್ಲಿ. ಟೀಚರು ಮಂಗಳೂರಿನವರು. ತೆಳ್ಳಗೆ, ಉದ್ದಕ್ಕೆ, ಎಡಗಿವಿಯ ಹಿಂದೆ ಯಾವಾಗಲೂ ಒಂದು ಸೀಮೆಸುಣ್ಣ. ಮೊದಲ ದಿನ ನಾವೆಲ್ಲ ಒಂದೊಂದು ಗಜ ಬಟ್ಟೆ ಹಿಡಿದುಕೊಂಡು ಹೋಗಿದ್ದೆವು. ಅವರು ಅದನ್ನು ಮಡಚಿ ಚೀಲಕ್ಕೆ ಹಾಕಿ ಎಂದರು. ಮರುದಿನದಿಂದ ಹಳೆಯ ಪಂಚೆಯ ಚೂರಿನ ಮೇಲೆ ಕೈಹೊಲಿಗೆ. ಓಡುಹೊಲಿಗೆ, ಹಿಂಹೊಲಿಗೆ, ಹೆಮ್ಮಿಂಗು, ಕಾಜ. ನಾಲ್ಕು ತಿಂಗಳು! ಕಾಜವೊಂದಕ್ಕೇ ಐದು ವಾರ. ನಾನು ಹೊಲಿದ ಕಾಜಗಳಿಗೆಲ್ಲ ಗುಂಡಿ ಹಾಕುವುದಿದ್ದರೆ ಸುಳ್ಯದ ಗಂಡಸರ ಅಂಗಿಗಳಿಗೆಲ್ಲ ಸಾಕಾಗುತ್ತಿತ್ತು.

ಅದು ಮುಗಿಯಿತು ಎಂದುಕೊಂಡರೆ ಕಾಗದ. ಇನ್ನು ನಾಲ್ಕು ತಿಂಗಳು ಬರೇ ಕಾಗದ. ಎದೆಯ ಸುತ್ತಳತೆಯ ನಾಲ್ಕನೆಯ ಒಂದು ಪಾಲು, ಅದಕ್ಕೆ ಒಂದೂವರೆ ಇಂಚು ಕೂಡಿಸು, ಅಲ್ಲಿಂದ ಕೆಳಗೆ ಗೆರೆ ಎಳೆ, ಗೆರೆಗೆ ಅ ಆ ಇ ಈ ಎಂದು ಹೆಸರಿಡು. ಉಪ್ಪಿನಕಾಯಿ ಭರಣಿಯ ಮೇಲಿದ್ದ ರೇಖಾಗಣಿತವನ್ನು ಒರೆಸಿ ತಂದೆ. ಕೂಸಿನ ಜಬ್ಬಲ, ಫ್ರಾಕು, ರವಕೆ, ಎಲ್ಲವನ್ನೂ ಹಳೆಯ ಪೇಪರಿನಲ್ಲಿ ಕತ್ತರಿಸಿ ಗೋಂದು ಹಾಕಿ ಅಂಟಿಸುವುದು.

"ಯಾವಾಗ ಟೀಚರೇ ಬಟ್ಟೆ?" ಎಂದು ಒಂದು ದಿನ ಕೇಳಿಯೇ ಬಿಟ್ಟೆ.

"ಕಾಗದ ತಪ್ಪಿದರೆ ಬಿಸಾಡುದು. ಬಟ್ಟೆಗೆ ಒಮ್ಮೆ ಸೂಜಿ ಹೋದರೆ ಅದು ಮರೆಯುದಿಲ್ಲ" ಎಂದರು.

ಮನೆಯಲ್ಲಿ ನನ್ನ ಕಾಗದದ ರವಕೆಗಳನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ್ದೆ. ನನ್ನ ಗಂಡ ಅದನ್ನು ನೋಡಿ, "ಎಂತ, ನಿನ್ನ ನೆಂಟರು ಇವತ್ತು ಊಟಕ್ಕೆ ಇದ್ದಾರಾ?" ಎಂದು ಕೇಳುತ್ತಿದ್ದರು. ಒಮ್ಮೆಗೆ ನಗು ಬರುತ್ತಿತ್ತು. ದಿನಾ ಕೇಳಿದರೆ ಬರುವುದಿಲ್ಲ.

ಇಷ್ಟರಲ್ಲಿ ನನಗೆ ಒಂದು ಕಣ್ಣು ತೆರೆದಿತ್ತು. ತೆರೆಯದಿದ್ದರೆ ಸುಖವಿತ್ತು. ಎದುರಿಗೆ ಬಂದವರ ಮುಖ ನೋಡುವ ಮೊದಲು ಅವರ ತೋಳು ಹೇಗೆ ಕೂತಿದೆ, ಹೆಗಲ ಹೊಲಿಗೆ ಎಲ್ಲಿ ಬಂದಿದೆ ಎಂದೇ ನೋಡುತ್ತಿದ್ದೆ. ಹಾಗೆ ನೋಡುತ್ತ ನೋಡುತ್ತ, ನಮ್ಮ ಮನೆಯ ಹೆಂಗಸರು ಯಾರೂ ಕೈ ಎತ್ತುವುದಿಲ್ಲ ಎಂಬುದು ಕಂಡಿತು. ಅತ್ತೆಯವರು ಅಟ್ಟದ ಬುಟ್ಟಿಯನ್ನು ಕೋಲಿನಿಂದ ಇಳಿಸುತ್ತಿದ್ದರು. ನಾದಿನಿ ಒದ್ದೆ ಸೀರೆಯನ್ನು ಕೋಲಿನಿಂದ ಹಗ್ಗಕ್ಕೆ ಏರಿಸುತ್ತಿದ್ದಳು. ನಾನೂ ಮದುವೆಯಾದಂದಿನಿಂದ ಕೋಲೇ ಹಿಡಿದಿದ್ದೆ. ಅದು ಈ ಮನೆಯ ಮರ್ಯಾದೆ ಎಂದುಕೊಂಡಿದ್ದೆ. ಮರ್ಯಾದೆ ಅಲ್ಲ, ರವಕೆ. ಕೈ ಎತ್ತಿದರೆ ಹೊಲಿಗೆ ಬಿಡುತ್ತಿತ್ತು.

ಕಾರಣ ಅಳತೆ ರವಕೆ. ಆಗ ನಮ್ಮ ಕಡೆ ಹೆಂಗಸರು ದರ್ಜಿಯ ಎದುರು ನಿಂತು ಅಳತೆ ಕೊಡುವ ಕ್ರಮ ಇರಲಿಲ್ಲ. ಮನೆಯ ಒಂದು ಹಳೆಯ ರವಕೆಯನ್ನು ಬಟ್ಟೆಯ ಜೊತೆ ಗಂಟು ಕಟ್ಟಿ ಕಳಿಸುವುದು, ದರ್ಜಿ ಅದನ್ನು ನೋಡಿ ಹೊಲಿದು, ಅದನ್ನೂ ಇದನ್ನೂ ವಾಪಸು ಕಳಿಸುವುದು. ನಮ್ಮ ಮನೆಯದ್ದು ಕಂದು ಬಣ್ಣದ್ದು. ತೊಳೆದು ತೊಳೆದು ಚಹದ ಬಣ್ಣಕ್ಕೆ ಬಂದಿತ್ತು. ಅತ್ತೆಯವರಿಗೂ ಅದೇ ಅಳತೆ, ನಾದಿನಿಗೂ ಅದೇ, ಬಂದ ಮೇಲೆ ನನಗೂ ಅದೇ. ಅತ್ತೆಯವರು ನನ್ನ ಎರಡರಷ್ಟಿದ್ದರು. ಅವರಿಗೆ ಹೇಗೆ ಆಗುತ್ತಿತ್ತೋ, ನನಗೆ ಹೇಗೆ ಆಗುತ್ತಿತ್ತೋ, ಒಟ್ಟು ಆಗುತ್ತಿರಲಿಲ್ಲ.

ಆ ರವಕೆಯ ಎಡಗಂಕುಳಲ್ಲಿ ವೀಳ್ಯದೆಲೆಯ ಆಕಾರದ ಒಂದು ತುಂಡು ಬಟ್ಟೆ ಮೇಲಿಂದ ಕೂರಿಸಿದ್ದಿತ್ತು. ನಮ್ಮ ಎಲ್ಲರ ಎಲ್ಲ ರವಕೆಗೂ ಅದೇ ಜಾಗದಲ್ಲಿ ಅಂಥದೇ ತುಂಡು. ಮನೆಯಲ್ಲಿ ಅದಕ್ಕೆ 'ಎಲೆ' ಎಂದು ಹೆಸರು. ಒಂದು ದಿನ ಅತ್ತೆಯವರನ್ನು ಕೇಳಿದೆ.

"ಈ ಎಲೆ ಎಂತಕ್ಕೆ ಅತ್ತೆ?"

"ಅದು ಹರಿದದ್ದು. ನಿನ್ನ ನಾದಿನಿ ಹುಟ್ಟುವ ಮೊದಲು, ಬಾವಿಯಿಂದ ನೀರು ಸೇದುವಾಗ ಚರ್ರಂತ ಹೋಯ್ತು. ಮತ್ತೆ ಒಂದು ತುಂಡು ಹಾಕಿಸಿದ್ದು."

"ಅದಕ್ಕೆ ಸರಿ. ಹೊಸ ರವಕೆಗೆ ಎಂತಕ್ಕೆ?"

ಅತ್ತೆಯವರು ನನ್ನನ್ನು ಕನಿಕರದಿಂದ ನೋಡಿದರು. "ಅಳತೆಯಲ್ಲಿ ಉಂಟಲ್ಲ!"

ಪೇಟೆಗೆ ಹೋದಾಗ ದರ್ಜಿಯನ್ನೂ ಕೇಳಿದೆ. ಅವರು ಜಗಲಿಯ ಮೇಲೆ ಮಿಷನು ಇಟ್ಟುಕೊಂಡು ಬಾಯಲ್ಲಿ ದಾರ ಕಚ್ಚಿಕೊಂಡೇ ಮಾತಾಡುವವರು. "ಅಮ್ಮಾ, ನನಗೆ ನಿಮ್ಮ ಮನೆಯ ರವಕೆಯ ಪರಿಚಯ ಉಂಟು, ಮನುಷ್ಯರ ಪರಿಚಯ ಇಲ್ಲ. ಅದು ಹೇಗೆ ಉಂಟಾ ಹಾಗೆ ನಾನು. ಹದಿನೆಂಟು ವರ್ಷದಲ್ಲಿ ಒಂದು ದಿನ ಎಲೆ ತಪ್ಪಿದ್ದಿಲ್ಲ" ಎಂದರು. ಹೆಮ್ಮೆಯಿಂದಲೇ ಹೇಳಿದರು.

ಕೊನೆಯ ಮೂರು ತಿಂಗಳು ಬಟ್ಟೆ ಬಂತು. ಅದರ ಜೊತೆ ಪರೀಕ್ಷೆಯ ನಿಯಮವೂ ಬಂತು. ಇನ್ನೊಬ್ಬ ಹೆಂಗಸಿನ ಮೈಯಳತೆ ಟೇಪಿನಲ್ಲಿ ತೆಗೆದು, ಚಾರ್ಟು ಬರೆದು, ಕಾಗದ ಕತ್ತರಿಸಿ, ರವಕೆ ಹೊಲಿಯಬೇಕು. ಪರೀಕ್ಷೆಯ ದಿನ ಆ ಹೆಂಗಸು ಅದನ್ನು ತೊಟ್ಟು ಪರೀಕ್ಷಕರ ಎದುರು ನಿಲ್ಲಬೇಕು. ಅಳತೆ ರವಕೆ ನೋಡಿ ಹೊಲಿದರೆ ಸೊನ್ನೆ.

ಅತ್ತೆಯವರ ಹತ್ತಿರ ಟೇಪು ಹಿಡಿದುಕೊಂಡು ಹೋದೆ. "ಜೀವ ಇರುವವರನ್ನು ಅಳೆಯುದಾ? ನನ್ನನ್ನು ಅಳೆಯುದು ಒಂದೇ ಸಲ, ಅದು ನೀವೆಲ್ಲ ಸೇರಿ ಆಮೇಲೆ ಮಾಡಿ" ಎಂದು ಎದ್ದುಹೋದರು. ಉಳಿದವಳು ನಾದಿನಿ. ಅವಳಿಗೆ ಹದಿನೇಳು, ನನ್ನ ಮೇಲೆ ಜೀವ, ಪುತ್ತೂರು ನೋಡುವ ಆಸೆ ಬೇರೆ. ಆದರೆ ಮೈಯೆಲ್ಲ ಕಚಗುಳಿ. ಟೇಪು ತಾಗಿದರೆ ಸಾಕು, ಕಿಸಕ್ಕನೆ ನಕ್ಕು ಸೊಟ್ಟಗಾಗುತ್ತಿದ್ದಳು. ಬೈದರೆ ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಲ್ಲುತ್ತಿದ್ದಳು. ಮೂರು ಸಲ ತೆಗೆದೆ. ಮೂವತ್ತೆರಡು, ಮೂವತ್ತಮೂರೂವರೆ, ಮೂವತ್ತೊಂದು. ಒಂದೇ ಬೆಳಿಗ್ಗೆ ಒಂದೇ ಹುಡುಗಿ!

ಟೀಚರಿಗೆ ಹೇಳಿದರೆ, "ಮಾತಾಡಿಸು. ಮಾತಾಡುವವರು ಉಸಿರು ಬಿಡಲೇ ಬೇಕಲ್ಲ" ಎಂದರು. ಹದಿನೇಳರ ಮಗ್ಗಿ ಹೇಳು ಎಂದೆ. ಹದಿನೇಳು ಒಂದಲಿ ಹದಿನೇಳರಿಂದ ಶುರುಮಾಡಿ ಅವಳು ಏಳಕ್ಕೆ ಸಿಕ್ಕಿಹಾಕಿಕೊಂಡಾಗ, ಹುಬ್ಬು ಗಂಟಿಕ್ಕಿ ಯೋಚಿಸುವಾಗ, ನಾನು ಎದೆ, ಸೊಂಟ, ತೋಳು, ಬೆನ್ನು ಎಲ್ಲ ತೆಗೆದು ಬರೆದುಕೊಂಡೆ.

ರವಕೆ ನೀಲಿ ಪಾಪ್ಲಿನ್ನಿನದ್ದು. ತರಗತಿಯ ಮಿಷನ್ನಿನಲ್ಲಿ ನನ್ನ ಸರದಿ ಬಂದಾಗೆಲ್ಲ ಹೊಲಿದು ಹನ್ನೊಂದು ದಿನದಲ್ಲಿ ಮುಗಿಸಿದೆ. ಹೊಲಿಗೆಯ ಒಳಗೆ ಎರಡೂ ಕಡೆ ಒಂದಿಂಚು ಬಟ್ಟೆ ಬಿಟ್ಟಿದ್ದೆ, ಮುಂದೆ ಸಡಿಲಿಸಲು. ನಾದಿನಿ ತೊಟ್ಟು ನೋಡಿ, "ಅತ್ತಿಗೆ, ರವಕೆ ಹಾಕಿದ ಹಾಗೇ ಆಗುದಿಲ್ಲ" ಎಂದಳು. ಅದು ದೂರೋ ಹೊಗಳಿಕೆಯೋ ಅವಳಿಗೇ ಗೊತ್ತಿರಲಿಲ್ಲ. ನಾನು ಇಸ್ತ್ರಿ ಹಾಕಿ, ಕಾಗದ ಸುತ್ತಿ, ಪೆಟ್ಟಿಗೆಯಲ್ಲಿಟ್ಟೆ.

ಪರೀಕ್ಷೆಯ ದಿನ ಬೆಳಿಗ್ಗೆ ಏಳಕ್ಕೆ ಬಸ್ಸು. ಆರಕ್ಕೆ ನಾದಿನಿಗೆ ಹೊಸ ರವಕೆ ತೊಡಿಸಿದೆ. ಅವಳು ಜಡೆ ಕಟ್ಟಲೆಂದು ಕೈ ಎತ್ತಿದಳು. ಕೈ ಅರ್ಧಕ್ಕೆ ನಿಂತಿತು. ಚೂರು ಬಗ್ಗಿ ನೋಡಿದೆ. ಎಡಗಂಕುಳಲ್ಲಿ ಎಲೆ.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅದೇ ನೀಲಿ ಪಾಪ್ಲಿನ್ನಿನ ಎಲೆ. ಪೆಟ್ಟಿಗೆಯಲ್ಲಿ ಉಳಿದಿದ್ದ ಚೂರಿನದ್ದು, ಸಣ್ಣ ಹೊಲಿಗೆ, ಅಚ್ಚುಕಟ್ಟು.

"ಅತ್ತೇ!" ಎಂದು ಕೂಗಿದೆ. ಆ ಮನೆಗೆ ಬಂದು ಮೊದಲ ಸಲ ಕೂಗಿದ್ದು.

ಅವರು ಒಲೆಯ ಹತ್ತಿರದಿಂದ ಸೆರಗಿಗೆ ಕೈ ಒರೆಸುತ್ತ ಬಂದರು. "ನೋಡಿದೆಯಾ? ನೀನು ಮೊನ್ನೆ ಕ್ಲಾಸಿಗೆ ಹೋಗಿದ್ದಾಗ ಅಳತೆಗೆ ಹಿಡಿದು ನೋಡಿದೆ. ಎಲೆಯೇ ಇಲ್ಲ, ತೋಳು ಗೋಣಿಯ ಹಾಗೆ. ಪರೀಕ್ಷೆಗೆ ಕೊಂಡುಹೋಗುದು, ಇಷ್ಟು ತಪ್ಪು ಇಟ್ಟುಕೊಂಡು ಹೇಗೆ ಕಳಿಸುದು ಅಂತ ದರ್ಜಿಯ ಹತ್ತಿರ ತೋಳು ಬಿಗಿ ಮಾಡಿಸಿ, ಎಲೆ ಹಾಕಿಸಿ, ಸರಿ ಮಾಡಿಸಿ ತರಿಸಿದ್ದು. ನಿನ್ನೆಯೇ ಇಟ್ಟಿದ್ದೇನೆ. ನಿನಗೆ ಹೇಳಿದರೆ ಬೇಜಾರಾಗ್ತದೆ ಅಂತ ಹೇಳಲಿಲ್ಲ."

ನಾನು ಪಾಸಾಗಲಿ ಎಂದು ಮಾಡಿದ್ದು! ಅದಕ್ಕೇ ನನಗೆ ಬೈಯಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಕೆಟ್ಟದ್ದು ಮಾಡಿದವರಿಗೆ ಎರಡು ಮಾತು ಹೇಳಬಹುದು, ಒಳ್ಳೆಯದು ಮಾಡಿದವರನ್ನು ಏನು ಮಾಡುವುದು? ರವಕೆ ಬಿಚ್ಚಿಸಿ, ನಾದಿನಿಗೆ ಹಳೆಯದು ತೊಡಿಸಿ, ಸೂಜಿ, ದಾರ, ಸಣ್ಣ ಕತ್ತರಿ ಕರವಸ್ತ್ರಕ್ಕೆ ಕಟ್ಟಿಕೊಂಡು ಬಸ್ಸಿಗೆ ಓಡಿದೆವು.

ಬಸ್ಸಿನಲ್ಲಿ ಬಿಚ್ಚಲು ಕೂತೆ. ಜಾಲ್ಸೂರು ಬರುವಾಗ ಎಲೆ ಪೂರ್ತಿ ಬಿಚ್ಚಿ ಬಂತು. ಬಲಗಡೆಯ ಹೊಲಿಗೆಯನ್ನು ಕನಕಮಜಲು ಕಳೆಯುವಷ್ಟರಲ್ಲಿ ಬಿಚ್ಚಿದೆ. ಒಳಗೆ ಬಿಟ್ಟ ಒಂದಿಂಚು ಹಾಗೇ ಇತ್ತು, ಜೀವ ಬಂತು. ಎಡಗಡೆ ಬಿಚ್ಚಿ ನೋಡುತ್ತೇನೆ, ಇಲ್ಲ. ಎಲೆ ಚಪ್ಪಟೆ ಕೂರಲಿ ಎಂದು ದರ್ಜಿ ಆ ಒಂದಿಂಚನ್ನು ಕತ್ತರಿಸಿ ತೆಗೆದಿದ್ದರು. ಪಕ್ಕದ ಸೀಟಿನಲ್ಲಿ ಹುಂಜ ಹಿಡಿದುಕೊಂಡು ಕೂತಿದ್ದ ಅಜ್ಜಿ ಅಷ್ಟು ಹೊತ್ತೂ ನೋಡುತ್ತಿದ್ದವರು ಕೇಳಿದರು.

"ಎಂತ ಮಗಳೇ, ಹೊಸ ರವಕೆ ಬಿಚ್ಚುದು?"

"ಸರಿ ಮಾಡಿದ್ದಾರೆ ಅಜ್ಜಿ. ಅದನ್ನು ಸರಿ ಮಾಡ್ತಾ ಇದ್ದೇನೆ."

ಅಜ್ಜಿ ಹುಂಜವನ್ನು ಸ್ವಲ್ಪ ಆಚೆ ಸರಿಸಿ ಕೂತರು.

"ಫೇಲಾದರೆ ನಾನು ಅಮ್ಮನ ಹತ್ತಿರ ಹೇಳ್ತೇನೆ ಅತ್ತಿಗೆ" ಎಂದಳು ನಾದಿನಿ. ಏನು ಹೇಳುತ್ತೀ ಎಂದೆ. ಅವಳು ನನ್ನ ಮಡಿಲಿನ ದಾರದ ಚೂರು ಹೆಕ್ಕತೊಡಗಿದಳು. ಕುಂಬ್ರದ ಇಳಿಜಾರಿನಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಅದೇ ರಸ್ತೆಯಲ್ಲಿ ನಾನು ಮದುವೆಯ ದಿನ ಕಾರಿನಲ್ಲಿ ಬಂದಿದ್ದೆ, ಬಿಟ್ಟುಬಂದ ಪರೀಕ್ಷೆಯ ಹಾಲಿನಲ್ಲಿ ನನ್ನ ನಂಬರಿನ ಬೆಂಚು ಖಾಲಿ ಇರುತ್ತದೆ ಎಂದು ಯೋಚಿಸುತ್ತ. ಈಗ ಇದೂ ಹಾಗೇ.

ಪುತ್ತೂರಿನ ಪರೀಕ್ಷೆಯ ಜಗಲಿಯಲ್ಲಿ ಟೀಚರು ನಮ್ಮನ್ನು ಕಾಯುತ್ತಿದ್ದರು. ಬಿಚ್ಚಿದ ರವಕೆ ನೋಡಿ ಕಿವಿಯ ಹಿಂದಿನ ಸೀಮೆಸುಣ್ಣಕ್ಕೆ ಕೈ ಹೋಯಿತು. "ಎಂತ ಮಾಡಿಕೊಂಡಿದ್ದೀ ನೀನು?" ಹೇಳಿದೆ. ಅವರು ನಗಲಿಲ್ಲ, ಅದಕ್ಕೆ ಇವತ್ತಿಗೂ ಕೃತಜ್ಞಳು. "ನಿನ್ನ ನಂಬರು ಆರು. ಒಂದು ಗಂಟೆ ಉಂಟು. ಮಿಷನು ಒಳಗೆ ಉಂಟು, ನಿನಗೆ ಸಿಕ್ಕುದಿಲ್ಲ" ಎಂದಷ್ಟೇ ಹೇಳಿ ಹೋದರು.

ಮಿಷನು ಇಲ್ಲ, ಬಟ್ಟೆ ಇಲ್ಲ. ಮಡಿಲಲ್ಲಿ ಇದ್ದದ್ದು ಬಿಚ್ಚಿದ ಎಲೆ. ಅದನ್ನು ನೋಡುತ್ತ ಕೂತಿದ್ದಾಗ, ಹದಿನೆಂಟು ವರ್ಷದಿಂದ ಅದು ಇದ್ದ ಜಾಗ ಸರಿಯಾಗಿಯೇ ಇತ್ತಲ್ಲ ಎಂದು ಹೊಳೆಯಿತು. ಹರಿದದ್ದು ಅಲ್ಲಿ, ಯಾಕೆಂದರೆ ಬಟ್ಟೆ ಸಾಲದೆ ಬಂದದ್ದು ಅಲ್ಲಿ. ಮೇಲಿಂದ ಅಂಟಿಸುವ ಬದಲು ಒಳಗೆ ಸೇರಿಸಿದ್ದರೆ ನಮ್ಮ ಮನೆಯವರು ಇಷ್ಟು ವರ್ಷ ಕೋಲು ಹಿಡಿಯಬೇಕಿರಲಿಲ್ಲ! ಎಲೆಯ ದುಂಡು ತುದಿಯನ್ನೂ ಚೂಪಾಗಿ ಕತ್ತರಿಸಿದೆ. ಕಂಕುಳಲ್ಲಿ ತೋಳು, ಪಕ್ಕ ಎಲ್ಲ ಕೂಡುವ ಜಾಗವನ್ನು ಮೂರು ಬೆರಳಿನಷ್ಟು ತೆರೆದು, ಎಲೆಯನ್ನು ನಡುವೆ ಕೂರಿಸಿ, ಕೈಯಲ್ಲೇ ಹಿಂಹೊಲಿಗೆ ಹಾಕತೊಡಗಿದೆ. ನಾಲ್ಕು ತಿಂಗಳು ಬೈದುಕೊಂಡು ಕಲಿತ ಹೊಲಿಗೆ. ಬೆರಳಿಗೆ ತಾನಾಗಿ ದಾರಿ ಗೊತ್ತಿತ್ತು. ಬಲಗಡೆ ಬರೇ ಸಡಿಲಿಸಿ ಹೊಲಿದೆ, ಅಲ್ಲಿ ಬಟ್ಟೆ ಇತ್ತಲ್ಲ. ಕೊನೆಯ ಗಂಟು ಹಾಕುವಾಗ ಐದನೆಯವಳನ್ನು ಕರೆದರು.

ಪರೀಕ್ಷಕರು ದಪ್ಪ ಕನ್ನಡಕದ ಹಿರಿಯ ಹೆಂಗಸು, ಕುತ್ತಿಗೆಗೆ ಟೇಪು. ನಾದಿನಿಯನ್ನು ತಿರುಗಿಸಿ ನೋಡಿದರು. ಹೆಗಲು ನೋಡಿದರು, ಬೆನ್ನು ನೋಡಿದರು. ಟೇಪು ಹಿಡಿದುಕೊಂಡು ಹತ್ತಿರ ಹೋದದ್ದೇ ಇವಳು ಗಟ್ಟಿಯಾಗಿ, "ಹದಿನೇಳು ಒಂದಲಿ ಹದಿನೇಳು" ಎಂದು ಶುರುಮಾಡಿದಳು. ಪರೀಕ್ಷಕರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಕೈ ಎತ್ತು" ಎಂದರು.

ಇವಳು ಅಭ್ಯಾಸಬಲದಿಂದ ಅರ್ಧ ಎತ್ತಿ ನಿಲ್ಲಿಸಿದಳು.

"ಪೂರ್ತಿ."

ಎತ್ತಿದಳು. ಎರಡೂ ಕೈ ಕಿವಿಗೆ ತಾಗಿದವು. ಹೊಲಿಗೆ ಬಿಡಲಿಲ್ಲ, ರವಕೆ ಮೇಲೇರಲಿಲ್ಲ. ಇವಳು ಇಳಿಸುವುದನ್ನೇ ಮರೆತು ತನ್ನ ಕೈಗಳನ್ನು ತಾನೇ ನೋಡುತ್ತ ನಿಂತಳು. "ಸಾಕು, ಇಳಿಸು" ಎಂದು ಅವರೇ ಹೇಳಬೇಕಾಯಿತು. ಆಮೇಲೆ ಎಡಗಂಕುಳನ್ನು ಬೆರಳಿನಿಂದ ಮುಟ್ಟಿ, "ಇದು ಚಾರ್ಟಿನಲ್ಲಿ ಇಲ್ಲ. ಒಂದು ಕಡೆ ಮಾತ್ರ ಯಾಕೆ? ಸುತ್ತ ಸೂಜಿಯ ತೂತು ಯಾಕೆ?" ಎಂದು ಕೇಳಿದರು. ನಾನು ಬಾಯಿ ತೆರೆದೆ. ಎಲ್ಲಿಂದ ಶುರು ಮಾಡುವುದು, ಬಾವಿಯಿಂದಲೇ? "ಬಟ್ಟೆ ಸಾಕಾಗಲಿಲ್ಲ ಮೇಡಂ" ಎಂದೆ. ಅವರು ಏನೋ ಬರೆದುಕೊಂಡರು.

ಪಾಸು. ಸೆಕೆಂಡ್ ಕ್ಲಾಸು. ಫಸ್ಟಿಗೆ ಸ್ವಲ್ಪದರಲ್ಲಿ ತಪ್ಪಿತು ಎಂದು ಟೀಚರು ಆಮೇಲೆ ಹೇಳಿದರು. ಸರ್ಟಿಫಿಕೇಟು ಬಂದ ದಿನ ನನ್ನ ಗಂಡ ಗೋಡೆಯ ಕಾಗದದ ರವಕೆಗಳನ್ನು ತೆಗೆದು ಅದೇ ಮೊಳೆಗೆ ಅದನ್ನು ಕಟ್ಟು ಹಾಕಿಸಿ ತೂಗಿಸಿದರು. ಒಂದು ಮಾತೂ ತಮಾಷೆ ಮಾಡಲಿಲ್ಲ. ನಾನು ದೋಸೆ ಹುಯ್ಯುವ ಜಾಗದಿಂದ ಕಾಣುತ್ತಿತ್ತು. ಒಂದು ಮುಗಿಯಿತು ಎಂದು ದಿನಕ್ಕೆ ನಾಲ್ಕು ಸಲವಾದರೂ ನೋಡಿಕೊಳ್ಳುತ್ತಿದ್ದೆ.

ಇನ್ನು ಮನೆಯ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಮಗ್ಗಿ ಹೇಳಿಸಿ ಅಳತೆ ತೆಗೆಯುತ್ತೇನೆ ಎಂದುಕೊಂಡಿದ್ದೆ. ಅಷ್ಟರೊಳಗೆ ಅತ್ತೆಯವರು ಆ ನೀಲಿ ರವಕೆಯನ್ನು ತೊಟ್ಟ ಮಗಳು ಅಟ್ಟದ ಬುಟ್ಟಿಯನ್ನು ಕೋಲಿಲ್ಲದೆ ಇಳಿಸುವುದನ್ನು ನೋಡಿದರು. ಮೂರನೆಯ ದಿನ ಕಂದು ರವಕೆಯನ್ನು ನೆಲ ಒರೆಸಲು ಹಾಕಿ, ನೀಲಿಯದ್ದನ್ನು ಮಡಚಿ ಟ್ರಂಕಿನ ತಳದಲ್ಲಿಟ್ಟರು.

"ಇನ್ನು ಇದು ಅಳತೆ" ಎಂದರು.

"ಅತ್ತೆ, ಅದು ಅವಳ ಮೈಗೆ ಹೊಲಿದದ್ದು. ನಿಮ್ಮ ಅಳತೆ ನಾನು ತೆಗೀತೇನೆ, ಐದು ನಿಮಿಷ."

"ಎಂತಕ್ಕೆ? ಪರೀಕ್ಷೆಯಲ್ಲಿ ಪಾಸಾದ ರವಕೆ ಮಾರಾಯ್ತಿ ಇದು!"

ದರ್ಜಿ ಅದನ್ನು ನೋಡಿ ಹೊಲಿದರು. ಎಡಗಂಕುಳಲ್ಲಿ ಎಲೆ ಒಳಗೆ ಸೇರಿಸಿ, ಬಲಗಡೆ ಬರೇ ಸಡಿಲ. ಒಂದು ಕೂದಲೆಳೆ ತಪ್ಪಲಿಲ್ಲ. ಅತ್ತೆಯವರ ಕೈ ಈಗ ಸ್ವಲ್ಪ ಹೆಚ್ಚು ಏರುತ್ತಿತ್ತು, ನನ್ನದು ತೋಳಿನೊಳಗೆ ಈಜುತ್ತಿತ್ತು. ನಾನು ಹೇಳುವುದನ್ನು ಬಿಟ್ಟೆ.

ನಾದಿನಿಯನ್ನು ಆಮೇಲೆ ಕಡಬಕ್ಕೆ ಕೊಟ್ಟರು, ನನ್ನ ತವರೂರಿಗೇ. ಅವಳು ಹೋಗುವಾಗ ಟ್ರಂಕಿನಲ್ಲಿ ನೀಲಿಯದ್ದರ ಹಾಗೆಯೇ ಹೊಲಿಸಿದ ಒಂದು ರವಕೆ ಇತ್ತು, ಅಲ್ಲಿಯ ದರ್ಜಿಗೆ ಅಳತೆಗೆಂದು. ಐದಾರು ವರ್ಷದ ಮೇಲೆ ನಾನು ತವರಿಗೆ ಹೋದವಳು ಕಡಬದ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಎದುರಿನ ಅಂಗಡಿಯಲ್ಲಿ, ಗುರುತೇ ಇಲ್ಲದ ಒಬ್ಬ ಹೆಂಗಸು ಮೇಲೆ ತೂಗುಹಾಕಿದ್ದ ಬಾಳೆಗೊನೆಯ ಕಡೆ ಎಡಗೈ ಎತ್ತಿ ಬೆರಳು ತೋರಿಸಿ, "ಅದು ಕೊಡಿ, ಆ ಮೇಲಿನ ಚಿಪ್ಪು" ಎನ್ನುತ್ತಿದ್ದಳು. ಕೈ ಪೂರ್ತಿ ಏರಿತ್ತು. ಕಂಕುಳಲ್ಲಿ ಎಲೆ.

ಎದ್ದು ಹೋಗಿ ಹೇಳಬೇಕೆನಿಸಿತು, ಅದು ಎರಡೂ ಕಡೆ ಇರಬೇಕಾದದ್ದು ತಾಯಿ, ನಮ್ಮ ದರ್ಜಿ ಬಟ್ಟೆ ಕತ್ತರಿಸಿದ್ದರಿಂದ ಹಾಗಾದದ್ದು ಎಂದು. ಅಷ್ಟರಲ್ಲಿ ಬಸ್ಸು ಬಂತು.